ಹೋದ ರವಿವಾರದ ಮಾತು

ನಮ್ಮೂರಿನ ಫುಟ್ಬಾಲ್ ಮೈದಾನದಲ್ಲಿ ಆಡಿದ ಮಾತು ಆಗಲೇ ಕೇಳಿಸುವುದಿಲ್ಲ. ಈ ರವಿವಾರ ಆಡಿದ್ದು ಬರುವ ರವಿವಾರ, ಆಡಿದ ಜಾಗದಲ್ಲೇ, ಆಡಿದ ಹೊತ್ತಿಗೇ ಕೇಳಿಸುತ್ತದೆ. ಒಮ್ಮೆ ಕೇಳಿಸಿದರೆ ಮುಗಿಯಿತು, ಮತ್ತೆ ಇಲ್ಲ. ಚೆಂಡಿನ ಸಪ್ಪಳಕ್ಕೂ ರೆಫರಿಯ ಸೀಟಿಗೂ ಈ ತೊಡಕಿಲ್ಲ, ಮನುಷ್ಯನ ಬಾಯಿಗೆ ಮಾತ್ರ. ಸುಣ್ಣದ ಗೆರೆ ದಾಟಿ ಹೊರಗೆ ಬಂದರೆ ಎಲ್ಲ ಊರುಗಳಂತೆ ನಮ್ಮೂರೂ ಒಂದು ಊರು.

ಹೊರಗಿನಿಂದ ಆಡಲು ಬರುವ ತಂಡದವರು ಮೊದಲ ಸಲ ಗಾಬರಿಯಾಗುತ್ತಾರೆ. ಆಮೇಲೆ ರೂಢಿಯಾಗುತ್ತದೆ. ತಮ್ಮ ಮಾತನ್ನು ಇಲ್ಲೇ ಬಿಟ್ಟು ಹೋಗುತ್ತಾರೆ, ಮುಂದಿನ ವಾರ ಬಂದ ಬೇರೆ ತಂಡದವರು ಅದನ್ನು ಕೇಳಿಸಿಕೊಳ್ಳುತ್ತಾರೆ. ಒಮ್ಮೆ ಒಬ್ಬ ಆಟಗಾರ, ಮೈದಾನದ ನಡುವೆ ಯಾರೋ ತನ್ನ ತಾಯಿಯನ್ನು ಬೈದರೆಂದು ಜಗಳಕ್ಕೆ ಬಂದ. ಬೈದವನು ಹಿಂದಿನ ವಾರವೇ ಬಸ್ಸು ಹತ್ತಿ ಹೋಗಿದ್ದನೆಂದು ತಿಳಿಸಿ ಹೇಳಿ, ಚಹಾ ಕುಡಿಸಿ ಕಳಿಸಿದೆವು.

ಆ ಗೆರೆ ಎಳೆಯುವುದು ನನ್ನ ಕೆಲಸ. ಶಾಲೆಯ ಮಾಸ್ತರಿಕೆ ಮುಗಿದ ಮೇಲೆ ಊರವರು ಇದನ್ನು ಒಪ್ಪಿಸಿದರು. ರವಿವಾರ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ಸುಣ್ಣದ ಬಕೀಟು ಹಿಡಿದು ಮೈದಾನಕ್ಕೆ ಹೋಗುತ್ತೇನೆ. ನಮ್ಮ ತಂಡದ ನಾಯಕನಾಗಿದ್ದ ಅಡಿವೆಪ್ಪ ನನ್ನ ತಮ್ಮ. ಪೇಟೆಯ ಕೊನೆಯಲ್ಲಿ ಅವನ ತಗಡಿನ ಅಂಗಡಿ. ವಾರವೆಲ್ಲ ಬಕೀಟಿಗೆ ತಳ ಹಾಕುತ್ತಿದ್ದ, ರವಿವಾರ ಆಡುತ್ತಿದ್ದ. ಈಗ ಅವನಿಲ್ಲ. ಕರೆದುಕೊಂಡವನಿಗೆ ಕಾರಣ ಗೊತ್ತಿರುತ್ತದೆ, ನಾನು ಕೇಳಿಲ್ಲ.

ನಮ್ಮಲ್ಲಿ ಹಿರಿಯ ಆಟಗಾರರು ಕಿರಿಯರನ್ನು ಮೈದಾನದಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಮೊದಲು ಹೇಳಬೇಕು. ಬೈಯುತ್ತಾರೆ. ಬೈದದ್ದು ಕೇಳಿಸುವುದಿಲ್ಲವಲ್ಲ, ಬಿಟ್ಟುಬಿಡಬಹುದಿತ್ತಲ್ಲ ಎಂದು ಹೊರಗಿನವರಿಗೆ ಅನಿಸಬಹುದು. ಆದರೆ ಬೈಯದಿದ್ದರೆ ತಂಡದಲ್ಲಿ ಯಾರು ಹಿರಿಯರು ಎಂದು ತಿಳಿಯುವುದು ಕಷ್ಟ. ಹಾಗಾಗಿ ಹಿಂದಿನವರು ಬೈದಷ್ಟೇ ಇಂದಿನವರೂ ಬೈಯುತ್ತಾರೆ. ಅದು ಮುಂದಿನ ವಾರ ಹೊರಗೆ ಬರುವಾಗ ಆ ಜಾಗದಲ್ಲಿ ಬೇರೊಬ್ಬ ನಿಂತಿರುತ್ತಾನೆ. ಅವನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾನೆ, ಇದು ಯಾರದು ಎಂದು ವಿಚಾರಿಸುವುದಿಲ್ಲ. ಒಬ್ಬ ಹುಡುಗ ಗೋಲು ಹೊಡೆದು ಕೈಯೆತ್ತಿ ನಿಂತ ಗಳಿಗೆಯಲ್ಲೇ, ಎಮ್ಮೆ ಕಾಯಲು ಹೋಗೆಂಬ ಮಾತು ಕಿವಿಯ ಪಕ್ಕದಲ್ಲಿ ಕೇಳಿ ಅಳತೊಡಗಿದ. ಸುತ್ತಲಿನವರು ಸಮಾಧಾನ ಹೇಳಿದರು. ಆ ಸಮಾಧಾನ ಮುಂದಿನ ವಾರ ಯಾವ ದುಃಖವೂ ಇಲ್ಲದ ಇನ್ನೊಬ್ಬನಿಗೆ ಸಿಕ್ಕಿತು.

ಕಿರಿಯರಿಗೂ ಒಂದು ರೀತಿಯಿದೆ. ಹಿರಿಯನೊಬ್ಬ ತನ್ನತ್ತ ತಿರುಗಿ ಬಾಯಿ ತೆರೆದದ್ದು ಕಂಡರೆ ಬೈಗುಳ ಎಂದೇ ತಿಳಿಯಬೇಕು. ತಲೆ ತಗ್ಗಿಸಬೇಕು, ಅಲ್ಲಿಂದ ಮುಂದೆ ಆ ದಿನ ತನಗೆ ಸಿಕ್ಕ ಚೆಂಡನ್ನೆಲ್ಲ ಅವನಿಗೇ ಕೊಡಬೇಕು. ಅದೇ ತಪ್ಪೊಪ್ಪಿಗೆ. ಮೈದಾನದಲ್ಲಿ ಕ್ಷಮೆ ಕೇಳಲು ಬೇರೆ ದಾರಿಯೂ ಇಲ್ಲ, ಕೇಳಿದರೆ ಅದು ಹಳೆಯದಾಗಿ ತಲುಪುತ್ತದೆ.

ಬೈಯುವುದರಲ್ಲಿ ಗೋಲಿ ದಾವಲಸಾಬನನ್ನು ಮೀರಿಸಿದವರಿಲ್ಲ. ನನಗಿಂತ ಕೆಲವೇ ವರ್ಷ ಚಿಕ್ಕವನು, ಇನ್ನೂ ಗೋಲಿನಲ್ಲಿ ನಿಲ್ಲುತ್ತಾನೆ. ಕಂಬಗಳ ನಡುವೆ ನಿಂತಲ್ಲೇ ನಿಂತು ತೊಂಬತ್ತು ನಿಮಿಷ ಬೈಯುತ್ತಾನೆ. ಅವನು ಪ್ರತಿ ವಾರ ನಿಲ್ಲುವ ಜಾಗ ಒಂದೇ ಆದ್ದರಿಂದ ಹೋದ ವಾರ ಬೈದದ್ದನ್ನು ಈ ವಾರ ಕೇಳಿಸಿಕೊಳ್ಳುವವನೂ ಅವನೇ. ಅದರಿಂದ ಅವನ ಆಟ ಸುಧಾರಿಸಲಿಲ್ಲ, ಬೈಗುಳ ಸುಧಾರಿಸಿತು.

ನನ್ನ ತಮ್ಮ ಬೇರೆ ಥರದವನು. ಗೆರೆಯೊಳಗೆ ಅವನು ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ಕಿರಿಯನೊಬ್ಬನಿಗೆ ಏನಾದರೂ ಹೇಳುವುದಿದ್ದರೆ ಚೆಂಡು ಹೊರಗೆ ಹೋಗುವ ತನಕ ಕಾಯುತ್ತಿದ್ದ. ಆಮೇಲೆ ಅವನ ಮೊಣಕೈ ಹಿಡಿದು ಗೆರೆಯ ಹೊರಗೆ ಕರೆತಂದು, ಕುಕ್ಕರಗಾಲಲ್ಲಿ ಕೂತು, ಅವನನ್ನೂ ಕೂರಿಸಿ ಹೇಳುತ್ತಿದ್ದ. ನಾನು ಬಕೀಟು ಹಿಡಿದು ಅಲ್ಲೇ ನಿಂತಿರುತ್ತಿದ್ದೆನಾದ್ದರಿಂದ ಬಹಳಷ್ಟು ಕೇಳಿದ್ದೇನೆ. ಪಾದ ಬಿಗಿ ಹಿಡಿಯಬೇಡ ಎನ್ನುತ್ತಿದ್ದ. ಅವರ ಎಡಗಡೆಯವನು ದಣಿದಿದ್ದಾನೆ, ಆ ಕಡೆಯಿಂದ ಹೋಗು ಎನ್ನುತ್ತಿದ್ದ. ಒಮ್ಮೊಮ್ಮೆ ಮನೆಯಲ್ಲಿ ತಾಯಿಗೆ ಆರಾಮವಿದೆಯೇ ಎಂದಷ್ಟೇ ಕೇಳಿ ಕಳಿಸುತ್ತಿದ್ದ. ಇಷ್ಟಕ್ಕೆ ಆಟ ನಿಲ್ಲುತ್ತಿತ್ತು, ಎದುರಿನವರು ಗೊಣಗುತ್ತಿದ್ದರು. ಗೊಣಗಿದ್ದು ಮುಂದಿನ ವಾರ ಕೇಳಿಸುತ್ತಿತ್ತು.

ಅವನು ಆಡಿದ ಕೊನೆಯ ರವಿವಾರ ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ನಮ್ಮಲ್ಲಿ ಫಕೀರೇಶ ಎಂಬ ಹೊಸಬನಿದ್ದ, ಕ್ಷೌರದ ಅಂಗಡಿಯ ಶಂಕ್ರಪ್ಪನ ಮಗ, ಹತ್ತೊಂಬತ್ತು ತುಂಬಿದವನು, ಓಟದಲ್ಲಿ ಮುಂದು. ಗೋಲಿನ ಹತ್ತಿರ ಅಡಿವೆಪ್ಪ ಒಬ್ಬನೇ ತೆರವಾಗಿ ನಿಂತಿದ್ದ. ಫಕೀರೇಶ ಅವನಿಗೆ ಚೆಂಡು ಕೊಡದೆ ತಾನೇ ಹೊಡೆದ. ಅದು ಗೋಲಿನ ಮೇಲಿಂದ ಹಾರಿ ಹಿಂದಿನ ಬೇವಿನ ಮರಕ್ಕೆ ಬಡಿಯಿತು. ಮರಳಿ ಬರುವಾಗ, ಮೈದಾನದ ನಡುವೆ ಅಡಿವೆಪ್ಪ ಅವನನ್ನು ತಡೆದು ನಿಂತ. ಎರಡೂ ಕೈಯನ್ನು ಮೊಣಕಾಲಿಗೆ ಊರಿ, ಮುಖ ಸಿಂಡರಿಸಿ, ಬಾಯಿ ತೆರೆದು ಏನೋ ಹೇಳಿದ.

ಇಡೀ ಊರು ಅದನ್ನು ನೋಡಿತು. ಬಾಯಿ ತೆರೆಯದವನು ತೆರೆದಿದ್ದ. ಫಕೀರೇಶ ತಲೆಯನ್ನು ಎದೆಗೆ ತಾಗುವಂತೆ ತಗ್ಗಿಸಿದ. ಅಲ್ಲಿಂದ ಮುಂದೆ ಸೀಟಿ ಊದುವ ತನಕ ತನಗೆ ಸಿಕ್ಕ ಒಂದೊಂದು ಚೆಂಡನ್ನೂ ಅಡಿವೆಪ್ಪನಿಗೇ ಕೊಟ್ಟ. ಹತ್ತಿರವಿದ್ದರೂ ಅವನಿಗೆ, ದೂರವಿದ್ದರೂ ಅವನಿಗೆ. ಅಡಿವೆಪ್ಪ ಒಂದನ್ನೂ ಬಿಡದೆ ಹಿಂದೆ ಓಡಿದ. ಹುಡುಗ ತಪ್ಪು ತಿದ್ದಿಕೊಂಡ ಎಂದು ಹೊರಗೆ ನಿಂತ ನಾವು ಒಳ್ಳೆಯ ಮಾತಾಡಿದೆವು. ಆಟ ಮುಗಿದ ಮೇಲೆ ಅಡಿವೆಪ್ಪ ಗೆರೆಯ ಹೊರಗೆ ನನ್ನ ಪಕ್ಕದಲ್ಲಿ ಕೂತು ನೀರು ಕುಡಿದ. ಇವತ್ತು ಬಿಸಿಲು ಜಾಸ್ತಿ ಎಂದ. ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ತಗಡು ಕತ್ತರಿಸುತ್ತ ಕೂತವನು ಹಾಗೇ ಗೋಡೆಗೆ ಒರಗಿದ.

ಮಣ್ಣು ಮಾಡಿ ಬಂದೆವು. ಮೂರನೆಯ ದಿನಕ್ಕೆ ಊರಿನಲ್ಲಿ ಮಾತು ಶುರುವಾಯಿತು. ಅಷ್ಟು ತಾಳ್ಮೆಯ ಮನುಷ್ಯನ ಬಾಯಿ ತೆರೆಸಿದನೆಂದರೆ ಹುಡುಗ ಎಷ್ಟು ನೋಯಿಸಿರಬೇಕು, ಆ ಸಿಟ್ಟಿಗೇ ಎದೆ ಒಡೆಯಿತು ಎಂದರು. ಫಕೀರೇಶ ರಸ್ತೆಯಲ್ಲಿ ಕಂಡರೆ, ಅಡಿವೆಪ್ಪನ ಬಾಯಿ ತೆರೆಸಿದವನು ಹೊರಟ ಎನ್ನುತ್ತಿದ್ದರು. ಬರುವ ರವಿವಾರ ಆ ಬೈಗುಳ ಹೊರಗೆ ಬರುತ್ತದೆ, ಹೋಗಿ ಕೇಳಬೇಕು ಎಂದು ಕೆಲವರು ಅಂಗಡಿ ಮುಚ್ಚುವ ಏರ್ಪಾಡನ್ನೂ ಮಾಡಿಕೊಂಡರು.

ನನಗೆ ಬೈಗುಳದ ಚಿಂತೆಯಿರಲಿಲ್ಲ. ತಮ್ಮನ ದನಿ ಇನ್ನೊಮ್ಮೆ ಕೇಳುವುದಿತ್ತು. ಅವನ ಹೆಂಡತಿ ಗೌರವ್ವನಿಗೂ ಅದೇ ಆಸೆಯೆಂದು ನನಗೆ ಗೊತ್ತಿತ್ತು. ರವಿವಾರ ಅವಳನ್ನು ಕರೆದೊಯ್ಯುತ್ತೇನೆಂದು ಹೇಳಲು ಹೋದಾಗ ಅವಳು ಅಂಗಳದಲ್ಲಿ ಅಕ್ಕಡಿ ಕಾಳು ಆರಿಸುತ್ತಿದ್ದಳು. ಆ ಹುಡುಗ ಬರುತ್ತಾನೆಯೇ ಎಂದು ಕೇಳಿದಳು. ಬರುವುದಿಲ್ಲವಂತೆ, ಬೂಟನ್ನು ಅಟ್ಟದ ಮೇಲೆ ಎಸೆದಿದ್ದಾನಂತೆ ಎಂದೆ.

"ಹಂಗಾದ್ರ ನಾನೂ ಬರೂದಿಲ್ಲ ಭಾವಾರ," ಎಂದಳು. "ಅವನಿಗೆ ಹೇಳಿದ ಮಾತು ಅದು. ಅಂವ ಇಲ್ಲದ ನಾ ಹೋಗಿ ಕೇಳಿದ್ರ ಕದ್ದಂಗ ಆಗತೈತಿ. ನೀವೂ ಕೇಳಬ್ಯಾಡ್ರಿ."

ಅವಳು ಹೇಳಿದ್ದು ಸರಿಯಾಗಿತ್ತು. ಸರಿಯಾದದ್ದನ್ನು ಕೇಳಿ ನನಗೆ ಸಂತೋಷವೇನೂ ಆಗಲಿಲ್ಲ. ಹುಡುಗ ಬಾರದಿದ್ದರೆ ತಮ್ಮನ ದನಿ ಕೇಳಬೇಕಾದವರಿಲ್ಲದೆ ಒಮ್ಮೆ ಎದ್ದು ಹೋಗಿಬಿಡುತ್ತದೆ. ಹಾಗಾಗಿ ಕ್ಷೌರದ ಅಂಗಡಿಗೆ ಹೋದೆ. ಫಕೀರೇಶ ಕೊನೆಯ ಕುರ್ಚಿಯಲ್ಲಿ ಕನ್ನಡಿಗೆ ಬೆನ್ನು ಹಾಕಿ ಕೂತಿದ್ದ. ಶಂಕ್ರಪ್ಪ ಒಬ್ಬರ ಗಡ್ಡಕ್ಕೆ ಸಾಬೂನು ಹಚ್ಚುತ್ತ, ಮಗ ನಾಲ್ಕು ದಿನದಿಂದ ಕತ್ತರಿ ಮುಟ್ಟಿಲ್ಲ ಎಂದ. ನಾನು ಹುಡುಗನ ಹತ್ತಿರ ಸ್ಟೂಲು ಎಳೆದುಕೊಂಡು ಕೂತೆ. ಅಡಿವೆಪ್ಪ ಬೈಯುವವನೇ ಅಲ್ಲ, ಬೈದಿರಲಾರ, ಅದಕ್ಕೆ ನಾನು ಹೊಣೆ ಎಂದೆ.

"ಬೈದಿದ್ರ ಮಾಸ್ತರ್ರ?" ಎಂದ.

"ಬೈದಿದ್ರ ನನಗ ಬೈದಾನಂತ ತಿಳಿ. ನಿನ್ನ ಬಾಜೂಕ ನಾನ ನಿಂದರತೀನಿ."

ಗಡ್ಡಕ್ಕೆ ಸಾಬೂನು ಹಚ್ಚಿಸಿಕೊಂಡವರು ಕಣ್ಣು ಮುಚ್ಚಿಕೊಂಡೇ, ಮಾಸ್ತರರು ಇಷ್ಟು ಹೇಳಿದ ಮೇಲೆ ಹೋಗಬೇಕಪ್ಪ ಎಂದರು. ಫಕೀರೇಶ ಎದ್ದು ಅಟ್ಟದ ಮೇಲೆ ಕೈಯಾಡಿಸಿ ಬೂಟು ಇಳಿಸಿದ.

ರವಿವಾರ ಎಂದಿನಂತೆ ಗೆರೆ ಎಳೆದೆ. ಬೆಳಗಿನ ಪೂಜೆಯಲ್ಲಿ ಮನಸ್ಸು ನಿಂತಿರಲಿಲ್ಲ, ಗೆರೆ ಮಾತ್ರ ನೇರವಾಗಿ ಬಂತು. ಜನ ಬಹಳ ಸೇರಿದ್ದರು. ಅಂದು ಎಲ್ಲರಿಗಿಂತ ಕಂಗಾಲಾದವನು ದಾವಲಸಾಬ. ಹೋದ ವಾರ ಅಡಿವೆಪ್ಪ ಬಾಯಿ ತೆರೆದ ಹೊತ್ತಿಗೆ ಗೋಲಿನಲ್ಲಿ ತಾನೂ ಗಂಟಲು ಹರಿಯುವಂತೆ ಬೈಯುತ್ತಿದ್ದುದು ಅವನಿಗೆ ನೆನಪಿತ್ತು. ತನ್ನ ಆ ಬೈಗುಳ ಎದ್ದು ಅಡಿವೆಪ್ಪನ ಮಾತನ್ನು ಮುಚ್ಚಿಬಿಟ್ಟರೆ ಏನು ಗತಿ ಎಂದು ಮನೆಯಿಂದ ಎರಡು ಕಂಬಳಿ ತಂದಿದ್ದ. ಹೊತ್ತು ಹತ್ತಿರ ಬಂದಂತೆ, ಕಂಬಗಳ ನಡುವೆ ಹೋದ ವಾರ ತಾನು ನಿಂತ ಜಾಗವನ್ನು ಅಂದಾಜು ಮಾಡಿ, ಗಾಳಿಯ ಸುತ್ತ ಕಂಬಳಿ ಸುತ್ತಿ ಬಿಗಿಯಾಗಿ ಅಪ್ಪಿಕೊಂಡು ನಿಂತ. ಎದುರಿನ ತಂಡದವರು ಇದನ್ನೂ ಈ ಊರಿನ ಪದ್ಧತಿಯೆಂದು ತಿಳಿದು ಸುಮ್ಮನಿದ್ದರು.

ರೆಫರಿ ಸೀಟಿ ಊದಿ ಆಟ ನಿಲ್ಲಿಸಿದ. ಫಕೀರೇಶ ಆ ಜಾಗಕ್ಕೆ ಹೋಗಿ ನಿಂತ. ನಾನು ಅವನ ಬಲಕ್ಕೆ, ಗೌರವ್ವ ಸೆರಗು ಹೊದ್ದು ಎಡಕ್ಕೆ. ಉಳಿದವರೆಲ್ಲ ದೂರವಿದ್ದರು. ಅಡಿವೆಪ್ಪನದು ಮೆಲ್ಲನೆಯ ದನಿ, ಅವರಿಗೆ ಕೇಳುವಂತಿರಲಿಲ್ಲ.

ಮೊದಲು ಉಸಿರಿನ ಸಪ್ಪಳ ಬಂತು. ಹೊಲಿಗೆ ಬಿಚ್ಚಿದ ತಿದಿ ಒತ್ತಿದ ಹಾಗೆ. ಆಮೇಲೆ ಮಾತು.

"ತಮ್ಮಾ, ಇನ್ನ ನನಗ ಚೆಂಡ ಕೊಡಬ್ಯಾಡ. ಎದಿ ಹಿಡದೈತಿ, ಉಸರ ಸಿಗವಲ್ದು. ಗೆರಿ ತನಕ ನಡಿಯಾಕ ಆಗವಲ್ದು, ಅದಕ್ಕ ಇಲ್ಲೇ ಹೇಳತೀನಿ. ಯಾರಿಗೂ ಹೇಳಬ್ಯಾಡ. ಮುಂದ ನೀನ ನಡಸು."

ಅಷ್ಟೇ. ಮತ್ತೆ ಸ್ವಲ್ಪ ಹೊತ್ತು ಉಸಿರು, ಅದೂ ನಿಂತಿತು. ಇಲ್ಲಿ ಆಡಿದ್ದು ಹುಡುಗನಿಗೆ ಆಗಲೇ ಕೇಳಿಸುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ಉಸಿರಿಗಾಗಿ ತಡಕಾಡುವವನು, ಮುಖ ನೋಡಿಯಾದರೂ ಹುಡುಗ ತಿಳಿದುಕೊಂಡಾನು ಎಂದುಕೊಂಡಿರಬೇಕು.

ಬೈಗುಳವಲ್ಲ ಎಂದು ನಾನು ಹೊಣೆ ಹೊತ್ತಿದ್ದೆ, ಅದು ಬೈಗುಳವಾಗಿರಲಿಲ್ಲ. ಬೈಗುಳವಾಗಿದ್ದರೆ ಹುಡುಗ ತಡೆದುಕೊಳ್ಳುತ್ತಿದ್ದ. ಅವನು ನೆಲಕ್ಕೆ ಕುಸಿದ. ಅವನ ಬಾಯಿ ಅಗಲವಾಗಿ ತೆರೆಯಿತು, ಕೊರಳಿನ ನರಗಳು ಉಬ್ಬಿದವು, ಸದ್ದು ಮಾತ್ರ ಇಲ್ಲ. ನಾನೂ ಏನೋ ಹೇಳಿದೆ. ಗೌರವ್ವ ಅವನ ಎದುರು ಕೂತು, ಗದ್ದ ಹಿಡಿದು ಮುಖವೆತ್ತಿ, ನಿಧಾನವಾಗಿ ಒಂದಿಷ್ಟು ಹೊತ್ತು ಮಾತಾಡಿದಳು. ಅವಳ ತುಟಿ ಅಲುಗುವುದನ್ನು ಅವನು ನೋಡಿದ, ನಾನೂ ನೋಡಿದೆ. ಮೂವರಲ್ಲಿ ಯಾರಿಗೂ ಯಾರದೂ ಕೇಳಲಿಲ್ಲ. ರೆಫರಿ ಗಡಿಯಾರ ನೋಡಿಕೊಂಡು ಸೀಟಿ ಊದಿದ.

ಗೆರೆ ದಾಟುತ್ತಲೇ ಜನ ಮುತ್ತಿಕೊಂಡು, ಅಡಿವೆಪ್ಪ ಏನೆಂದ ಎಂದು ಕೇಳಿದರು. ಅವನಿಗೆ ಹೇಳಿದ್ದು, ಅವನನ್ನೇ ಕೇಳಿರಿ ಎಂದು ಗೌರವ್ವ ಚಪ್ಪಲಿ ಮೆಟ್ಟಿಕೊಂಡಳು. ಅಷ್ಟರಲ್ಲಿ ಫಕೀರೇಶ ಬೇಲಿ ಹಾರಿ ಹೋಗಿಯಾಗಿತ್ತು. ಅಂಗಡಿ ಮುಚ್ಚಿ ಬಂದವರು ಬೇಸರದಿಂದ ಮರಳಿದರು.

ಆ ವಾರ ಅವನು ಮನೆ ಬಿಟ್ಟು ಹೊರಗೆ ಬರಲಿಲ್ಲ. ಗುರುವಾರ ಅವನ ತಾಯಿ ಗೌರವ್ವನ ಮನೆಗೆ ಬಂದಳು. ನಾನು ಆಗ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. ಮಗ ತುತ್ತು ಎತ್ತುತ್ತಿಲ್ಲ, ಗೋಡೆ ನೋಡುತ್ತ ಕೂತಿರುತ್ತಾನೆ, ನೀವು ಅವನಿಗೆ ಅಲ್ಲಿ ಏನು ಹೇಳಿದಿರೋ ಅದನ್ನು ನನಗೆ ಹೇಳಿದರೆ ನಾನು ಮುಟ್ಟಿಸುತ್ತೇನೆ ಎಂದಳು. ಗೌರವ್ವ ಅವಳಿಗೆ ನೀರು ಕೊಟ್ಟಳು, ಬೆಲ್ಲ ಕೊಟ್ಟಳು.

"ಹೇಳೀನವ್ವ. ಅದು ಅಲ್ಲೇ ಐತಿ," ಎಂದಳು. "ಬಂದ ತಗೊಂಡ ಹೋಗಂತ ಹೇಳು."

ಅವಳು ಹೋದ ಮೇಲೆ ನಾನು ಇದು ಸ್ವಲ್ಪ ಕಠಿಣವಾಯಿತು ಎಂದೆ. ಗೆರೆಯ ಹೊರಗೆ ಮಾತು ಮಾತಿನಂತೆಯೇ ಇದೆ, ಈ ಅಂಗಳದಲ್ಲಿ ನಿಂತು ಒಂದು ಗಳಿಗೆಯಲ್ಲಿ ಹೇಳಿ ಮುಗಿಸಬಹುದಿತ್ತು.

"ಇಲ್ಲಿ ಹೇಳಿದ್ರ ಮನ್ಯಾಗ ಕುಂತ ಕೇಳತಾನ ಭಾವಾರ," ಎಂದಳು. "ಆಮ್ಯಾಲ ಆ ಮೈದಾನದಾಗ ಎಂದೂ ಕಾಲಿಡೂದಿಲ್ಲ."

ನಾನು ಮನೆಗೆ ಬಂದೆ. ಆ ದಿನಗಳಲ್ಲಿ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ನನಗೆ ಆ ಉಸಿರಿನ ಸಪ್ಪಳವೇ ಕೇಳುತ್ತಿತ್ತು. ಅದನ್ನೂ ಪೂಜೆಯೊಳಗೆ ಸೇರಿಸಿಕೊಂಡು ಮುಗಿಸುತ್ತಿದ್ದೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಮುಂದಿನ ರವಿವಾರ ಆಟ ಶುರುವಾಗುವ ಹೊತ್ತಿಗೆ ಫಕೀರೇಶ ಬಂದ. ಮುಖ ಬಾಡಿ ಇಷ್ಟಾಗಿತ್ತು. ಯಾರೊಂದಿಗೂ ಮಾತಾಡದೆ ಬೂಟಿನ ದಾರ ಕಟ್ಟಿಕೊಂಡು ಒಳಗೆ ಹೋದ. ಚೆನ್ನಾಗೇನೂ ಆಡಲಿಲ್ಲ. ಗೌರವ್ವ ಬಂದಿರಲಿಲ್ಲ. ಹೇಳುವುದನ್ನು ಹೇಳಿಯಾಗಿದೆ, ನಾನು ಆಡಿದ್ದನ್ನು ನಾನೇ ಏನು ಕೇಳಲಿ ಎಂದಿದ್ದಳು. ಆ ಹೊತ್ತು ಬಂದಾಗ ಹುಡುಗ ಆಟ ಬಿಟ್ಟು ಆ ಜಾಗಕ್ಕೆ ಸರಿದ. ಈ ಸಲ ರೆಫರಿ ಆಟ ನಿಲ್ಲಿಸಲಿಲ್ಲ. ನಾನು ಕೊಟ್ಟ ಮಾತಿನಂತೆ ಒಳಗೆ ನಡೆದು ಅವನ ಬಲಕ್ಕೆ ನಿಂತೆ. ಚೆಂಡು ನಮ್ಮ ಸುತ್ತ ಓಡಾಡುತ್ತಿತ್ತು.

ಮೊದಲು ಅವನದೇ ಕೂಗು ಎದ್ದಿತು. ಓಡಿಸಿ ಓಡಿಸಿ ನಾನೇ ಕೊಂದೆ ಎಂದು ಅವನು ಕೂಗಿದ್ದ. ಅದರ ಬೆನ್ನಿಗೇ ನನ್ನ ದನಿ ಬಂತು. ಅಂದು ಬಹಳ ಹೇಳಿದೆನೆಂದು ನನ್ನ ನೆನಪಿನಲ್ಲಿತ್ತು. ಶಿವಾ ಶಿವಾ ಎಂದಷ್ಟೇ ಅಂದಿದ್ದೆ. ಆಮೇಲೆ ಗೌರವ್ವನ ದನಿ, ಬಾವಿಕಟ್ಟೆಯ ಮೇಲೆ ಕೂತು ಆಡುವಷ್ಟೇ ನಿಧಾನ.

"ಕೊಡದಿದ್ರ ಕಸಗೊಂತಿದ್ದ. ಚೆಂಡ ಕಂಡ್ರ ಬಿಡಾಂವ ಅಲ್ಲ ಅಂವ. ಕೊಟ್ಟದ್ದು ನೀನು ಖರೆ, ಬೆನ್ನ ಹತ್ತಿ ಓಡಿದ್ದು ಅವನ ಕಾಲು. ಎದಿ ನೋವು ನನಗ ಹೇಳಲಿಲ್ಲ, ಅಣ್ಣಗ ಹೇಳಲಿಲ್ಲ, ನಿನಗ ಹೇಳ್ಯಾನ. ಅದನ್ನ ನೀನ ಇಟ್ಕೊ. ಬಿಟ್ಟ ಹೋಗಬ್ಯಾಡ."

ಫಕೀರೇಶ ತೋಳಿನಿಂದ ಮುಖ ಒರೆಸಿಕೊಂಡು ಓಡಿದ. ನಾನು ನಮ್ಮ ಗೋಲಿನ ಕಡೆಯಿಂದ ಹೊರಗೆ ನಡೆದು, ಕಂಬದ ಹಿಂದೆ ನಿಂತೆ.

ಆಗ ಚೆಂಡು ಫಕೀರೇಶನ ಕಾಲಿಗೆ ಸಿಕ್ಕಿತು. ಗೋಲಿನಿಂದ ದಾವಲಸಾಬ ಅವನತ್ತ ತಿರುಗಿ ಬಾಯಿ ತೆರೆದ. ಎರಡೂ ಕೈ ಮೇಲೆತ್ತಿ, ಮುಖ ಕೆಂಪಾಗಿಸಿ, ತನ್ನ ಎಂದಿನ ರೀತಿಯಲ್ಲಿ. ಹುಡುಗ ತಲೆ ತಗ್ಗಿಸಿ ಚೆಂಡು ಹಿಂದಕ್ಕೆ ಕೊಡುತ್ತಾನೆಂದು ಎಲ್ಲರೂ ತಿಳಿದೆವು. ಅವನು ಚೆಂಡನ್ನು ಅಲ್ಲೇ ಬಿಟ್ಟ. ಓಡಿ ಬಂದು ದಾವಲಸಾಬನ ಮಣಿಕಟ್ಟು ಹಿಡಿದು, ಆ ಭಾರಿ ಮನುಷ್ಯನನ್ನು ದರದರನೆ ಎಳೆದುಕೊಂಡು ಗೆರೆಯ ಹೊರಗೆ ನನ್ನ ಪಕ್ಕಕ್ಕೆ ತಂದು ನಿಲ್ಲಿಸಿದ.

"ಏನಾಗೈತಿ ಕಾಕಾ?" ಎಂದು ಕೇಳಿದ. "ಎದಿ ನೋಯಾಕತ್ತೈತೇನು? ಉಸರ ಸಿಗತೈತಿಲ್ಲೋ?"

"ನನಗೇನ ಆಗೈತಲೇ," ಎಂದ ದಾವಲಸಾಬ. "ಬಲಕ್ಕ ಹೋಗು ಅಂದೆ."

"ಕಾಲು? ಸೊಂಟ? ಖರೆ ಹೇಳು."

ಎದುರಿನ ತಂಡದವನೊಬ್ಬ, ಬಿಟ್ಟು ಹೋದ ಚೆಂಡನ್ನು ಹಿಡಿದು ಅವಸರವಿಲ್ಲದೆ ಬಂದು, ಖಾಲಿ ಗೋಲಿನೊಳಗೆ ಉರುಳಿಸಿದ. ಮೈದಾನದ ತುಂಬ ನಮ್ಮವರೆಲ್ಲರ ಬಾಯಿ ತೆರೆದಿತ್ತು. ಏನೆಂದರೆಂಬುದು ಬರುವ ರವಿವಾರ ತಿಳಿಯುವುದು. ದಾವಲಸಾಬ ತಿರುಗಿ ಬಲೆಯೊಳಗಿನ ಚೆಂಡನ್ನು ನೋಡಿದ, ತನ್ನ ಮಣಿಕಟ್ಟನ್ನು ಹಿಡಿದ ಕೈಯನ್ನು ನೋಡಿದ. ಒಳಗೆ ಹೋಗುವ ಲಕ್ಷಣ ಕಾಣಲಿಲ್ಲ. ಕೈಗವಸು ಕಳಚಿ ಕಂಕುಳಲ್ಲಿ ಇಟ್ಟುಕೊಂಡ.

"ಲೇ, ಏನಾಗೈತಿ ಅಂತ ಇನ್ನೊಮ್ಮೆ ಕೇಳು," ಎಂದ.